ರುಮಾಲು ನೋಡಿ ಬೆಲೆ

ಕಮಲಾಪುರದ ಅಣವೀರಪ್ಪ ತಾನೇ ಬರೆದ ಬಾಳೆಗೊನೆಯ ಚಿತ್ರಗಳನ್ನು ಕಲಬುರಗಿಯ ರೋಜಾದಲ್ಲಿ, ದರ್ಗಾದ ಬೀದಿಯ ಗೋಡೆಗೆ ಒರಗಿಸಿ ಕುಳಿತನೆಂದರೆ, ಹೈದರಾಬಾದಿನ ನಿಜಾಮರೂ ಅಷ್ಟು ಠೀವಿಯಿಂದ ಕೂರಲಿಕ್ಕಿಲ್ಲ. "ಕಲಾಕ್ಕ ಬೆಲಿ ಕಟ್ಟಾಕ ಬರಂಗಿಲ್ರೀ" ಎನ್ನುತ್ತಲೇ ಗಿರಾಕಿಯ ತಲೆ ನೋಡಿ ಬೆಲೆ ಕಟ್ಟುತ್ತಾನೆ: ಜರಿ ರುಮಾಲಿಗೆ ನಲವತ್ತು ರೂಪಾಯಿ, ಬಿಳಿ ರುಮಾಲಿಗೆ ಇಪ್ಪತ್ತು, ಬರಿದಲೆಗೆ ಬರೀ ಉಪದೇಶ. "ಖರೇ ಗೊನೀನ ನಾಕಾಣೆಕ್ಕ ಸಿಗತದಲ್ಲೋ" ಎಂದವರಿಗೆ, "ಅದು ಕೊಳೀತದ್ರೀ, ಇದು ಕೊಳಿಯಂಗಿಲ್ಲ" ಎಂಬ ಸಿದ್ಧ ಉತ್ತರ. ಮಾತು ನಿಜವೇ; ಎರಡು ಉರುಸು ಕಳೆದರೂ ಒಂದು ಚಿತ್ರವೂ ಕೊಳೆತಿಲ್ಲ, ಒಂದೂ ಮಾರಾಟವಾಗಿಯೂ ಇಲ್ಲ. ಮೊನ್ನೆ ಅವನೂರಿನ ಬಾಳೆತೋಟದ ಮುದುಕಿ ಅಂಬಮ್ಮ ಬಂದವಳೇ ಒಂದು ಚಿತ್ರದ ಮುಂದೆ ಕುಕ್ಕರಿಸಿದಳು. "ಯವ್ವಾ, ಇದು ನಮ್ಮ ಬಾವಿ ಕಡಿ ಗೊನಿ! ಅಳಿಲು ಕಡಿದಿದ್ದೂ ಬರ್ದೀಯಲ್ಲೋ ತಮ್ಮಾ! ಎಷ್ಟಕ್ಕ ಕೊಡ್ತಿ?" ರೂಢಿಯಂತೆ ಅಣವೀರಪ್ಪ ಅವಳ ತಲೆಯತ್ತ ನೋಡಿದ; ತನ್ನ ಕಣ್ಣೇ ತುಂಬಿದ್ದರಿಂದ ಬೆಲೆ ಕಾಣಿಸಲಿಲ್ಲ.