ಹಟ್ಟಿಯ ಕೂಸಿಗೆ ಜೋಲಿ

ಯಲ್ಲದಕೆರೆಯ ಅಂಗನವಾಡಿ ಟೀಚರಮ್ಮ ದುರುಗಕ್ಕನಿಗೆ ಬಾಯಿ ಜಾಸ್ತಿ ಎಂದು ಊರಿಗೆ ಊರೇ ಹೇಳುತ್ತದೆ. ಸುಳ್ಳಲ್ಲ. ಮಾಡದಕೆರೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಮಂದೆಯ ಹಿಂದೆ ಕೂಗುತ್ತ ಬೆಳೆದವಳ ಗಂಟಲು ಅದು. ಕೂಸುಗಳನ್ನು ತಕ್ಕಡಿಗೆ ಹಾಕಿದಾಗ ತೂಕ ಕಡಿಮೆ ಬಂದರೆ ತಾಯಿಯನ್ನೂ ಬಿಡುವುದಿಲ್ಲ, ಅತ್ತೆಯನ್ನೂ ಬಿಡುವುದಿಲ್ಲ. "ಏನ್ ತಿನ್ನಿಸ್ತೀರಿ ಇದಕ್ಕೆ, ಬರೀ ಬಿಸ್ಕತ್ತಾ?" ಎಂದು ಎಲ್ಲರೆದುರೇ ಜಾಡಿಸುತ್ತಾಳೆ.

ಆ ಗಂಟಲಿಗೆ ತಕ್ಕ ಕೆಲಸ ಸಿಕ್ಕಿದ್ದು ಮಠದಲ್ಲಿ. ಶ್ರಾವಣದ ಸಂಜೆಗಳಲ್ಲಿ ಅಲ್ಲಿ ಹಳೆಯ ಅರಸನೊಬ್ಬನ ಪುರಾಣ ಓದಿಸುವುದು ವಾಡಿಕೆ. ಬಹುಕಾಲ ಓದುತ್ತಿದ್ದ ಗಂಗಾಧರಪ್ಪನವರ ಕಣ್ಣಿಗೆ ಪೊರೆ ಬಂದಾಗ, "ಇನ್ಮೇಲೆ ನೀನೇ ಓದವ್ವ" ಎಂದು ಪುಸ್ತಕವನ್ನು ಅವಳ ಕೈಗಿಟ್ಟರು. ಕೆಲವು ವರ್ಷ ಅವಳು ಇದ್ದದ್ದನ್ನು ಇದ್ದ ಹಾಗೆಯೇ ಓದಿದಳು.

ಕತೆ ಇಷ್ಟೇ. ವೈರಿಗಳಿಗೆ ಹೆದರಿದ ರಾಣಿ ಹಸುಗೂಸು ರಾಜಕುಮಾರನನ್ನು ಎತ್ತಿಕೊಂಡು ಕುರಿಹಟ್ಟಿಗೆ ಓಡಿಬರುತ್ತಾಳೆ. ಹಟ್ಟಿಯ ಹೆಂಗಸೊಬ್ಬಳು ಅವನಿಗೆ ಎದೆಹಾಲು ಕೊಟ್ಟು ಉಳಿಸುತ್ತಾಳೆ. ಆಮೇಲೆ ಪದ್ಯಗಳೆಲ್ಲ ಅರಮನೆ ಸೇರಿಬಿಡುತ್ತವೆ, ಆ ಹೆಂಗಸಿನ ಸುದ್ದಿಯೇ ಇಲ್ಲ.

ಒಂದು ದಿನ ಬಾಣಂತಿಯೊಬ್ಬಳ ಕೂಸನ್ನು ತಕ್ಕಡಿಗೆ ಹಾಕುವಾಗ ದುರುಗಕ್ಕನಿಗೆ ತಟ್ಟನೆ ಹೊಳೆಯಿತು. ಹಾಲಿತ್ತು ಅಂದಮೇಲೆ ಆ ಹೆಂಗಸಿಗೂ ಒಂದು ಕೂಸಿರಬೇಕಲ್ಲ? ಅದೆಲ್ಲಿ ಹೋಯಿತು? ಪುರಾಣ ಬರೆದ ಮಹಾನುಭಾವನಿಗೆ ಅದು ನೆನಪೇ ಆಗಿರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು.

ಆ ಸಿಟ್ಟಿನಲ್ಲೇ ಬರೆಯಲು ಕೂತಳು. ಹಳೆಯ ಪದ್ಯಗಳ ಒಂದಕ್ಷರವನ್ನೂ ಅಳಿಸಲಿಲ್ಲ. ಪದ್ಯ ಪದ್ಯದ ನಡುವೆ ತನ್ನ ಮಾತು ಸೇರಿಸುತ್ತ ಹೋದಳು. ಪುರಾಣದ ಯುದ್ಧವನ್ನು ಅವಳ ಬರಹದಲ್ಲಿ ಹಟ್ಟಿಯ ಹೆಂಗಸು ಬೇಲಿಯ ಸಂದಿಯಿಂದ ನೋಡಿದಳು. ರಾಜಕುಮಾರನ ಜೋಗುಳವನ್ನೇ ಎತ್ತಿ ದುರುಗಕ್ಕ ಹಟ್ಟಿಯ ಕೂಸಿಗೂ ಹಾಡಿಸಿದಳು. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿದಂತೆ ಕತೆ ಬೆಳೆಯಿತು.

"ಈ ಶ್ರಾವಣಕ್ಕೆ ಇದನ್ನೇ ಓದ್ತೀನಿ" ಎಂದಾಗ ಮಠದ ಪಡಸಾಲೆಯಲ್ಲಿ ಗದ್ದಲವೆದ್ದಿತು. ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಊರ ಹಿರಿಯರು ತಿಮ್ಮರಾಯಪ್ಪನವರು ಕೆಂಡವಾದರು.

"ಹಿರೀಕರು ಬರೆದಿದ್ದಕ್ಕೆ ಕೈ ಹಾಕ್ತೀಯೇನವ್ವ? ಯಾರು ಕೊಟ್ರು ನಿನಗೆ ಈ ಅಧಿಕಾರ?"

"ಅವರು ಮರೆತಿದ್ದನ್ನ ಸೇರ್ಸೀನಿ ಸಾವ್ಕಾರ್ರೆ, ಅಷ್ಟೇಯ."

ಗಂಗಾಧರಪ್ಪನವರು ನಡುವೆ ಬಂದು ಊರಿನ ವಾಡಿಕೆಯನ್ನೇ ಮುಂದಿಟ್ಟರು. ಪುರಾಣದಲ್ಲಿ ಕೂಸು ಹುಟ್ಟಿದ ಕೂಡಲೇ ಓದು ನಿಲ್ಲಬೇಕು. ಕೇಳುವವರು ಎದ್ದು ತೊಟ್ಟಿಲು ಕಟ್ಟಿ, ಅರಿಸಿನ ಹಚ್ಚಿದ ತೆಂಗಿನಕಾಯಿಯನ್ನು ಕೂಸೆಂದು ಮಲಗಿಸಬೇಕು. ಆ ಕಾಯಿ ಪ್ರತಿ ವರ್ಷ ತಿಮ್ಮರಾಯಪ್ಪನವರ ಮಂಡಿಯದೇ. ಅಷ್ಟಾಗದೆ ಮುಂದಿನ ಪದ್ಯ ಓದುವಂತಿಲ್ಲ.

"ಇವಳು ಬರೆದ ಕೂಸಿಗೂ ಜನ ತೊಟ್ಲು ಕಟ್ಟಿದ್ರೆ ಓದ್ಲಿ. ಕಟ್ಲಿಲ್ಲಾಂದ್ರೆ ತನ್ನ ಹಾಳೆ ಎತ್ತಿಟ್ಟು ಹಳೇದನ್ನೇ ಓದ್ತಾಳೆ. ಏನಂತೀರಿ?" ಎಂದರು ಗಂಗಾಧರಪ್ಪನವರು.

ತಿಮ್ಮರಾಯಪ್ಪನವರು ಮೀಸೆಯಡಿ ನಕ್ಕರು. ಯಾರು ಕಟ್ಟುತ್ತಾರೋ ನೋಡಿಯೇಬಿಡೋಣ! ದುರುಗಕ್ಕನೂ ಜಂಬದಿಂದ ಒಪ್ಪಿದಳು. ಮನೆಗೆ ಬಂದಮೇಲೆ ಅವಳಿಗೆ ಅನ್ನ ಸೇರಲಿಲ್ಲ.

ಓದಿನ ಸಂಜೆ ಪಡಸಾಲೆ ತುಂಬಿತ್ತು. ಮಂದೆ ಕಾಯುತ್ತಿದ್ದಾಗಲೇ ಹೆಂಗಸಿಗೆ ಬೇನೆ ಬಂತು, ಕುರಿಗಳ ನಡುವೆ ಹೆಣ್ಣುಕೂಸು ಹುಟ್ಟಿತು ಎಂಬಲ್ಲಿಗೆ ಓದಿ ದುರುಗಕ್ಕ ನಿಲ್ಲಿಸಿದಳು.

ಯಾರೂ ಏಳಲಿಲ್ಲ. ಯಾರದೋ ಮೊಬೈಲು ಬಡಿದುಕೊಂಡು ಸುಮ್ಮನಾಯಿತು. ರಾಜಕುಮಾರನಿಗೆಂದು ಹೂ ಸುತ್ತಿದ್ದ ತೊಟ್ಟಿಲು ಮೂಲೆಯಲ್ಲೇ ಇತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗಿದೆ? ದುರುಗಕ್ಕ ತನ್ನ ಹಾಳೆಗಳನ್ನು ಮಡಿಸತೊಡಗಿದಳು.

ಆಗ ಹಿಂದಿನಿಂದ ಮುದುಕಿ ಹನುಮಮ್ಮ ಎದ್ದಳು. ಆಯುಷ್ಯವೆಲ್ಲ ಕುರಿ ಹಿಂದೆ ತಿರುಗಿದವಳು.

"ಹಟ್ಟಿ ಕೂಸಿಗೆ ಬಣ್ಣದ ತೊಟ್ಲು ಎಲ್ಲಿಂದ ಬರ್ಬೇಕು? ನನ್ನ ಮಕ್ಳೆಲ್ಲ ಕಂಬಳಿ ಜೋಲಿಯಾಗೇ ಬೆಳೆದವು" ಎನ್ನುತ್ತ, ಹೊದ್ದಿದ್ದ ಕರಿಕಂಬಳಿ ತೆಗೆದು, ತೊಟ್ಟಿಲಿಗೆಂದು ತಂದಿಟ್ಟಿದ್ದ ಹಗ್ಗ ಹಾಕಿ ಎರಡು ಕಂಬಗಳ ನಡುವೆ ಕಟ್ಟತೊಡಗಿದಳು. ಒಬ್ಬಳಿಂದ ಗಂಟು ಬೀಳಲಿಲ್ಲ. ಒಬ್ಬಳು ಎದ್ದು ಹಗ್ಗ ಹಿಡಿದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಹೆಂಗಸರ ಸಾಲಿಗೆ ಸಾಲೇ ಎದ್ದಿತು. ಜೋಲಿ ನಿಂತಿತು.

ಆದರೆ ಅದರೊಳಗೆ ಮಲಗಿಸಲು ಕಾಯಿ ಬೇಕಲ್ಲ? ಎಲ್ಲರ ಕಣ್ಣುಗಳೂ ತಿಮ್ಮರಾಯಪ್ಪನವರತ್ತ ತಿರುಗಿದವು.

ಅವರು ಎದ್ದರು. ಮುನಿಸಿಕೊಂಡು ಹೊರಟೇಬಿಟ್ಟರು ಎಂದುಕೊಂಡಿತು ಜನ. ಅವರು ಹೋದದ್ದು ತಮ್ಮ ಮಂಡಿಯಿಂದ ತರಿಸಿದ್ದ ಕಾಯಿ ಚೀಲದ ಹತ್ತಿರ. ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಚೆನ್ನಾಗಿ ನೀರಿದ್ದುದನ್ನೇ ಆರಿಸಿ, ತಾವೇ ಅರಿಸಿನ ಹಚ್ಚಿ ಜೋಲಿಯಲ್ಲಿ ಮಲಗಿಸಿದರು. ಹೆಂಗಸರು ರಾಜಕುಮಾರನ ಜೋಗುಳವನ್ನು ಹಟ್ಟಿಯ ಕೂಸಿಗೆ ಎತ್ತಿಕೊಂಡರು.

ದುರುಗಕ್ಕ ಕಣ್ಣೊರೆಸಿಕೊಂಡಳು. ಗೆದ್ದಿದ್ದಳು! ಜೋಗುಳ ಮುಗಿದದ್ದೇ ತಡ, ಹಾಳೆ ಬಿಡಿಸಿ, ಮಂದೆ ಕೂಗುವ ತನ್ನ ಗಂಟಲನ್ನು ಪೂರ್ತಿ ತೆರೆದು ಮುಂದಿನ ಪದ್ಯ ಹಿಡಿದಳು.

ತಿಮ್ಮರಾಯಪ್ಪನವರು ಜೋಲಿ ತೂಗುತ್ತಲೇ ಕೈ ಎತ್ತಿ ತಡೆದರು.

"ಮೆಲ್ಲಕೆ ಓದವ್ವ. ಕೂಸು ಮಲಗೈತೆ."