ತಿರುಗಿ ಬಂದ ಕೂದಲು

ನನ್ನ ತಲೆಯ ಮೇಲಿರುವುದು ನನ್ನದೇ ಕೂದಲು ಎಂದು ನಾನು ಎಂದೂ ಪೂರ್ತಿಯಾಗಿ ನಂಬಿಲ್ಲ. ಹೀಗೆಂದರೆ ನೀವು ನಗುತ್ತೀರಿ. ನಗಿ, ಜೊತೆಗೆ ಯಾರಾದರೂ ಇದ್ದಾಗ ನಾನೂ ನಗುತ್ತೇನೆ. ಆದರೆ ಇಪ್ಪತ್ತೆರಡು ವರ್ಷ ಪೊರಕೆ ಕಡ್ಡಿಯ ಹಾಗೆ ನೆಟ್ಟಗಿದ್ದ ಕೂದಲು ಒಂದೇ ಜ್ವರದಲ್ಲಿ ಪೂರಾ ಉದುರಿಹೋಗಿ, ಮತ್ತೆ ಹುಟ್ಟುವಾಗ ಅಲೆ ಅಲೆಯಾಗಿ ಹುಟ್ಟಿದ್ದರೆ ನಿಮಗೂ ಸ್ವಲ್ಪ ಅನುಮಾನ ಬರುತ್ತಿತ್ತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಹೊಳಲ್ಕೆರೆಯಲ್ಲಿ, ನನ್ನ ಕೆಲಸ ರಾಮಗಿರಿಯ ಶಾಲೆಯಲ್ಲಿ. ಚಿತ್ರದುರ್ಗದ ಡಾಕ್ಟರು, ಟೈಫಾಯಿಡ್ ಆದವರಿಗೆ ಕೂದಲು ಹೀಗೆ ಬದಲಾಗುವುದುಂಟು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅಪ್ಪನಿಗೆ ಅದು ಹಿಡಿಸಲಿಲ್ಲ. ಅವನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಪೇಟೆಗೆ ಬಂದು ಕಂಬಳಿ ಅಂಗಡಿ ಇಟ್ಟವನು. ಉಣ್ಣೆಯ ವಿಷಯದಲ್ಲಿ ಯಾವ ಡಾಕ್ಟರ ಮಾತನ್ನೂ ಕೇಳುವ ಪೈಕಿ ಅಲ್ಲ. "ಕುರಿಗೆ ಎಷ್ಟು ಸಲ ಉಣ್ಣೆ ಕತ್ತರಿಸಿದ್ರೂ ಅದ್ರ ಉಣ್ಣೆನೇ ಅದಕ್ಕೆ ಬರ್ತೈತೆ ಕಣಮ್ಮ. ಇನ್ನೊಂದು ಕುರೀದು ಬಂದಿದ್ದು ನಾನಂತೂ ಕಂಡಿಲ್ಲ" ಎಂದ. ತಮಾಷೆಗೇ ಅಂದದ್ದು. ಅಂದವನೇ ಬಾಯಿ ಮುಚ್ಚಿಕೊಂಡು, ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವನ ಕಡೆ ನೋಡಿದ. ರೊಟ್ಟಿ ತಟ್ಟುವ ಸದ್ದು ನಿಂತಿತ್ತು.

ಅರ್ಧ ಬೆಳೆದ ಅಲೆಗೂದಲಿನ ಕಷ್ಟ ಅನುಭವಿಸಿದವರಿಗೇ ಗೊತ್ತು. ಅದು ಕಿವಿ ದಾಟಿರುತ್ತದೆ, ಭುಜ ಮುಟ್ಟಿರುವುದಿಲ್ಲ. ಜಡೆಗೆ ಸಿಗುವುದಿಲ್ಲ, ತುರುಬಿಗೆ ಬಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಒಂದು ಗಂಟೆ ಮರ್ಯಾದೆಯಿಂದ ಮಲಗಿರುತ್ತದೆ. ಬಸ್ಸಿನ ಕಿಟಕಿ ಗಾಳಿ ತಾಗಿದ್ದೇ ತಡ, ಒಂದೊಂದು ಎಳೆಯೂ ಎದ್ದು ತನಗೆ ಬೇಕಾದ ಊರಿಗೆ ಹೊರಟುಬಿಡುತ್ತದೆ. ಹರಳೆಣ್ಣೆ ಹಚ್ಚಿ ನೋಡಿದೆ. ದಾಸವಾಳದ ಎಲೆ ಅರೆದು ಬಳಿದುಕೊಂಡೆ. ಎರಡು ಡಜನ್ ಹೇರ್‌ಪಿನ್ ಚುಚ್ಚಿಕೊಂಡು ಮುಳ್ಳುಹಂದಿಯಾಗಿ ಶಾಲೆಗೆ ಹೋದೆ. ಮೂರನೇ ಕ್ಲಾಸಿನ ಮಕ್ಕಳು ನನಗೆ ಕಾಗೆಗೂಡು ಟೀಚರ್ ಎಂದು ಹೆಸರಿಟ್ಟರು. ಕಾಗುಣಿತದಲ್ಲಿ ಸದಾ ಎಡವುತ್ತಿದ್ದವರು ಈ ಹೆಸರನ್ನು ಮಾತ್ರ ಗೋಡೆಯ ಮೇಲೆ ಒಂದು ತಪ್ಪೂ ಇಲ್ಲದೆ ಬರೆದಿದ್ದರು.

ನಮ್ಮ ಸೀಮೆಯನ್ನೆಲ್ಲ ಹಿಂದೆ ಕುಂತಳ ನಾಡು ಎನ್ನುತ್ತಿದ್ದರಂತೆ. ಕುಂತಳ ಎಂದರೆ ಕೂದಲು. ಹಳೇ ಶಾಸನ ತೋರಿಸಲು ಚಂದ್ರವಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ, ಒಂದಿಡೀ ನಾಡಿಗೆ ಕೂದಲಿನ ಹೆಸರಿಟ್ಟ ಜನ ಇಲ್ಲೆಲ್ಲ ಓಡಾಡಿದ್ದರಲ್ಲ, ಅವರ ಹೆಂಗಸರು ಜ್ವರ ಬಿಟ್ಟೆದ್ದ ಮೇಲೆ ಏನು ಮಾಡುತ್ತಿದ್ದರೋ ಎಂದು ಯೋಚಿಸಿದ್ದೆ. ಕಲ್ಲಿನಲ್ಲಿ ರಾಜರ ಹೆಸರು ಕೆತ್ತಿದ್ದಾರೆ. ಉಪಯೋಗಕ್ಕೆ ಬರುವ ಈ ವಿಷಯ ಯಾರೂ ಕೆತ್ತಿಲ್ಲ.

ಕೊನೆಗೆ ಉಪಾಯ ಹೂಡಿದ್ದು ಅವ್ವ. ಒಂದು ಬೆಳಗ್ಗೆ ಟ್ರಂಕಿನ ತಳದಿಂದ, ಹಳೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಚೌರಿಯನ್ನು ತೆಗೆದಳು. ಜಡೆ ಉದ್ದ ಕಾಣಲೆಂದು ಸೇರಿಸಿ ಹೆಣೆಯುವ ಕೂದಲಿನ ಕಟ್ಟು ಅದು. "ಬಾ, ಕುಂತ್ಕ" ಎಂದಳು. ನಾನು ಬೆರಗಾಗಿ ಕೂತೆ. ಯಾಕೆಂದರೆ ಎಂಟು ವರ್ಷಗಳಿಂದ ಅವ್ವ ನನ್ನ ತಲೆ ಮುಟ್ಟಿರಲಿಲ್ಲ. ನನ್ನ ಅಕ್ಕ ಸರೋಜ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಆಗ ನನಗೆ ಹದಿನಾಲ್ಕು. ಅದಾದ ಕೆಲವೇ ದಿನಗಳಲ್ಲಿ ಅವ್ವ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, ಇನ್ನು ನೀನೇ ಬಾಚ್ಕ ಎಂದಿದ್ದಳು. ಅಕ್ಕನ ಹೆಸರನ್ನೂ ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅಂಗಡಿಯ ಚೌರಿ ಯಾರ ತಲೆಗೂ ಸರಿಯಾಗಿ ಹೊಂದುವುದಿಲ್ಲ. ಎಲ್ಲಿ ಸೇರಿಸಿದ್ದಾರೆಂದು ದೂರದಿಂದಲೇ ಗೊತ್ತಾಗುತ್ತದೆ. ಇದು ಹೊಂದಿತು. ನನ್ನ ಕೂದಲಿನ ಅಲೆ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದಲೇ ಅದರ ಅಲೆ ಶುರುವಾಗುತ್ತಿತ್ತು. ಹಿಂದೆ ಮುಂದೆ ಎರಡು ಕನ್ನಡಿ ಹಿಡಿದು ನೋಡಿದರೂ ನನ್ನದು ಎಲ್ಲಿಯವರೆಗೆ ಎಂದು ನನಗೇ ತಿಳಿಯಲಿಲ್ಲ. ಮೊದಲು ಸಂತೋಷವಾಯಿತು. ಕುತ್ತಿಗೆಯ ಮೇಲೆ ಸಣ್ಣಗೆ ಚಳಿ ಹತ್ತಿದ್ದು ಆಮೇಲೆ.

ಅಂದಿನಿಂದ ಅವ್ವ ದಿನವೂ ಬಾಚತೊಡಗಿದಳು. ಬಾಚುವಾಗ ಅವಳ ಎಡಗೈ ಹೆಬ್ಬೆಟ್ಟು ನನ್ನ ಎಡಕಿವಿಯ ಹಿಂದೆ ಹೋಗಿ ಒಂದು ಜಾಗದಲ್ಲಿ ನಿಲ್ಲುತ್ತಿತ್ತು. ಒಂದು ಸಲ ಮೇಲೆ, ಒಂದು ಸಲ ಕೆಳಗೆ ಸವರಿ, ಏನೋ ಸಿಗದವರ ಹಾಗೆ ಮತ್ತೆ ಅಲ್ಲೇ ಬಂದು ನಿಲ್ಲುತ್ತಿತ್ತು. ಏನವ್ವಾ ಎಂದರೆ ಏನಿಲ್ಲ ಎನ್ನುತ್ತಿದ್ದಳು. ಕೆಲವು ದಿನ ಕಳೆಯುವಷ್ಟರಲ್ಲಿ ಆ ಜಾಗ ಸಣ್ಣಗೆ ನೋಯಲು ಶುರುವಾಯಿತು. ಮುಟ್ಟಿ ನೋಡಿಕೊಂಡರೆ ಅಲ್ಲಿ ಏನೂ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ಅಲೆಗೂದಲು ಹಣೆಯ ಮೇಲೆ ಬಿದ್ದರೆ ಅಂಗೈಯಿಂದ ತಳ್ಳಿ ಪ್ರಯೋಜನವಿಲ್ಲ, ಕಿರುಬೆರಳಿನಿಂದ ಎತ್ತಿ ಕಿವಿಗೆ ಸಿಕ್ಕಿಸಬೇಕು. ನಾನಿದನ್ನು ಯಾರಿಂದಲೂ ಕಲಿತದ್ದಲ್ಲ. ಒಂದು ಮಧ್ಯಾಹ್ನ ಹಾಜರಿ ಕರೆಯುತ್ತಿದ್ದಾಗ ನನ್ನ ಕಿರುಬೆರಳು ತಾನಾಗಿ ಎದ್ದು ಆ ಕೆಲಸ ಮಾಡಿತು. ಅದು ಅಲೆಗೂದಲಿನ ಅಕ್ಕನ ಚಾಳಿ. ಕೂಗಿದ ಹೆಸರನ್ನೇ ಮತ್ತೊಮ್ಮೆ ಕೂಗಿದೆ.

ಚೌರಿ ಯಾರದೆಂದು ತಿಳಿದದ್ದು ಒಂದು ಭಾನುವಾರ. ಅದನ್ನು ಸೀಗೆಪುಡಿಯಲ್ಲಿ ತೊಳೆದು ಜಗಲಿಯ ಮೇಲೆ ಬಿಸಿಲಿಗೆ ಹರಡಿದ್ದೆ. ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಆಂಧ್ರದ ಕಡೆಯಿಂದ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುತ್ತಿದ್ದ, ಚೌರಿ ಕಟ್ಟುವ ಮುದುಕಿಯೊಬ್ಬಳು ಬೀದಿಯಲ್ಲಿ ಹೋಗುತ್ತಿದ್ದವಳು ನಿಂತು, ಅದರ ತಲೆಗಂಟನ್ನು ತಿರುಗಿಸಿ ನೋಡಿದಳು.

"ಇದು ನಾನೇ ಕಟ್ಟಿದ್ದಮ್ಮ. ನಿಮ್ಮವ್ವ ಒಂದು ಡಬ್ಬಿ ತುಂಬ ಕೂದ್ಲುಂಡೆ ತಂದುಕೊಟ್ಟಿದ್ರು. ಬಾಚಣಿಗೇಲಿ ಬಂದಿದ್ದು, ಗೋಡೆ ಸಂದೀಲಿ ಸಿಕ್ಸಿದ್ದು, ಎಲ್ಲಾ ಹುಡುಕಿ ಕೂಡಿಸಿದ್ರು. ದೊಡ್ಡ ಮಗ್ಳು ಹೋಗಿ ಇನ್ನೂ ತಿಂಗ್ಳಾಗಿರ್ಲಿಲ್ಲ."

ಆಮೇಲೆ ಅವಳು ನನ್ನ ಕಿವಿಯ ಹತ್ತಿರದ ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು, ಬಟ್ಟೆ ನೋಡುವವರ ಹಾಗೆ ಉಜ್ಜಿದಳು. "ಇದೂ ಅದೇ ಕೂದ್ಲು" ಎಂದಳು. ನೀರು ಕೊಡುತ್ತೇನೆ ಕೂತುಕೊಳ್ಳಿ ಎಂದರೂ ಕೇಳದೆ ಚೀಲ ಎತ್ತಿಕೊಂಡು ಹೊರಟಳು. ಮತ್ತೆ ನಮ್ಮ ಬೀದಿಗೆ ಅವಳು ಬರಲೇ ಇಲ್ಲ.

ನನಗೆ ಹೆದರಿಕೆಯಾಯಿತು, ಸುಳ್ಳೇಕೆ. ಆದರೆ ಹೆದರಿಕೆಗಿಂತ ಹೆಚ್ಚಾದದ್ದು ಹೊಟ್ಟೆಕಿಚ್ಚು. ಎಂಟು ವರ್ಷದ ಮೇಲೆ ಅವ್ವನ ಕೈ ನನ್ನ ತಲೆಗೆ ಬಂತೆಂದು ಒಳಗೊಳಗೇ ಹಿಗ್ಗಿದ್ದೆ. ಆ ಕೈ ನನಗಾಗಿ ಬಂದದ್ದೇ ಅಲ್ಲ. ನನ್ನ ತಲೆಯ ಮೇಲೆ ಅವಳು ಅಕ್ಕನಿಗೆ ಬಾಚುತ್ತಿದ್ದಳು, ನಾನು ಬರೀ ಮಣೆಯಾಗಿ ಕೂತಿದ್ದೆ. ಸತ್ತವರ ಮೇಲೆ ಮತ್ಸರಪಡುವುದು ಎಂಥ ಮುಜುಗರದ ಕೆಲಸವೆಂದರೆ, ಜಗಳವಾಡಲು ಎದುರಿಗೆ ಯಾರೂ ಇರುವುದಿಲ್ಲ. ನಾನು ಅಪ್ಪನ ಅಂಗಡಿಗೆ ಹೋಗಿ ಕಂಬಳಿ ಅಂಚು ಕತ್ತರಿಸುವ ದೊಡ್ಡ ಕತ್ತರಿ ತಂದೆ. ಅವ್ವ ಗಿರಣಿಯಿಂದ ಬಂದು ಹಿಟ್ಟಿನ ಡಬ್ಬಿ ಇಳಿಸುವ ಮೊದಲೇ ಅದನ್ನು ಅವಳ ಮುಂದಿಟ್ಟು, "ಚೌರಿ ಅಕ್ಕಂದು ಅಂತ ಗೊತ್ತಾಯ್ತು. ನನ್ನ ಕೂದಲು ನೀನೇ ಕತ್ತರಿಸು. ಬುಡಕ್ಕೆ ಕತ್ತರಿಸು. ನನ್ನ ಕಿವಿ ಹಿಂದೆ ಏನೂ ಇಲ್ಲ, ಹುಡುಕಬೇಡ" ಎಂದೆ.

ಅವ್ವ ಕೂತಳು. ಮುಂಗೈವರೆಗೂ ಹಿಟ್ಟು ಮೆತ್ತಿತ್ತು.

"ಅವ್ಳಿಗೆ ಅಲ್ಲೊಂದು ಸಣ್ಣ ನರುಲಿ ಗಂಟು ಇತ್ತು. ಕೂದ್ಲೊಳಗೆ, ಯಾರಿಗೂ ಕಾಣ್ತಿರ್ಲಿಲ್ಲ. ಒಂದಿನ ಸ್ಕೂಲಿಗೆ ಹೊತ್ತಾಯ್ತು ಅಂತ ಗಡಿಬಿಡೀಲಿ ಬಾಚಿ ರಕ್ತ ಬರಿಸಿದ್ದೆ. ಅವತ್ತಿಂದ ಹೆಬ್ಬೆಟ್ಟು ಅಡ್ಡ ಇಟ್ಕಂಡೇ ಬಾಚ್ತಿದ್ದೆ. ಅವ್ಳು ಹೋದ್ಮೇಲೆ ನಿಂಗೆ ಬಾಚಾಕೆ ಕುಂತ್ರೂ ಹೆಬ್ಬೆಟ್ಟು ಅಲ್ಲಿಗೇ ಹೋಗ್ತಿತ್ತು. ಅಲ್ಲೇನೂ ಸಿಗ್ತಿರ್ಲಿಲ್ಲ. ತಡ್ಕಳಾಕೆ ಆಗ್ಲಿಲ್ಲ, ಅದಕ್ಕೇ ಬಾಚೋದು ಬಿಟ್ಟೆ."

"ಈಗ ಸಿಗ್ತೈತಾ?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಇಲ್ಲ. ಆದ್ರೆ ಈ ಕೂದ್ಲಾಗಾದ್ರೆ ಹುಡುಕ್ತಾನೇ ಕುಂತಿರಬೋದು ಅನ್ಸುತ್ತೆ" ಎಂದಳು ಅವ್ವ. ಆಮೇಲೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕತ್ತರಿ ಎತ್ತಿಕೊಂಡಳು. "ನಿಂಗೆ ಹೆದರಿಕೆ ಆಗ್ತೈತೆ ಅಂದ್ರೆ ಕತ್ತರಿಸ್ತೀನಿ. ನೀನು ಇರೋ ಮಗ್ಳು. ತಿರುಗಿ ಕುಂತ್ಕ."

ತಿರುಗಿ ಕೂತೆ. ಕತ್ತರಿಯ ತಣ್ಣನೆ ಕಬ್ಬಿಣ ಕುತ್ತಿಗೆಗೆ ತಾಗಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವಳು ನಿಜವಾಗಿಯೂ ಕತ್ತರಿಸಿಬಿಡುತ್ತಿದ್ದಳು. ಇರುವ ಮಗಳಿಗಾಗಿ ಅವಳು ಆ ಕೆಲಸಕ್ಕೂ ಗಟ್ಟಿಯಾಗಿದ್ದಾಳೆಂದು ತಿಳಿದ ಕೂಡಲೇ ನನ್ನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. "ಬೇಡವ್ವಾ, ಜಡೆ ಹಾಕು" ಎಂದೆ.

ಅವಳು ಕತ್ತರಿ ಕೆಳಗಿಟ್ಟು, ಜಗಲಿಯಲ್ಲಿ ಒಣಗಿದ್ದ ಚೌರಿಯನ್ನೂ ಬಾಚಣಿಗೆಯನ್ನೂ ತೆಗೆದುಕೊಂಡಳು. ಹೆಬ್ಬೆಟ್ಟನ್ನು ಮಡಿಚಿಕೊಂಡು, ಬೇಕೆಂದೇ ದೂರ ಇಟ್ಟು ಬಾಚಿದಳು. ಬಾಚಣಿಗೆಯ ಹಲ್ಲು ಕಿವಿಯ ಹಿಂದೆ ಹಾದಾಗ ನಾನು, "ಹಾ, ಮೆಲ್ಲಗವ್ವಾ, ನೋಯುತ್ತೆ" ಎಂದೆ. ನಿಜವಾಗಿ ನೋಯಿತೋ, ಸುಮ್ಮನೆ ಅಂದೆನೋ, ಇವತ್ತಿಗೂ ಹೇಳಲಾರೆ.

"ಆಯ್ತು ಕಣೇ, ನೋಯಿಸಲ್ಲ" ಎಂದಳು ಅವ್ವ. ಹೆಬ್ಬೆಟ್ಟು ಬಂದು ಆ ಜಾಗವನ್ನು ಮುಚ್ಚಿತು. ನನಗೆ ಹೇಳಿದಳೋ ಅಕ್ಕನಿಗೋ ಎಂದು ನಾನು ಕೇಳಲಿಲ್ಲ. ಇಬ್ಬರೂ ಅಲ್ಲಾಡದೆ ಕೂತು ಜಡೆ ಹಾಕಿಸಿಕೊಂಡೆವು.