ಅಪೊಲೋನಿಯಾಳ ಕೈಗುಣ

ನಮ್ಮ ದ್ವೀಪದಲ್ಲಿ ಮಗುವಿಗೆ ಜ್ವರ ಬಂದರೆ ಮೊದಲು ಓಡುತ್ತಿದ್ದುದು ಅಪೊಲೋನಿಯಾಳ ಮನೆಗೆ. ಅವಳು ಮಗುವನ್ನೆತ್ತಿಕೊಂಡು ಸೊಂಟದ ಮಟ್ಟದ ಕಡಲ ನೀರಿಗೆ ಇಳಿದು, ಮೂರು ಸಲ ಮುಳುಗಿಸಿ ಎತ್ತುತ್ತಿದ್ದಳು. ಮರುದಿನಕ್ಕೆ ಮೈ ತಣ್ಣಗೆ. ನನ್ನ ನಾಲ್ಕು ಮಕ್ಕಳೂ ಹಾಗೆ ಮುಳುಗಿ ಎದ್ದವರೇ.

ಕಡಲು ನಾವು ಕೆಸು ಬೆಳೆಯುತ್ತಿದ್ದ ಗುಂಡಿಗಳಿಗೆ ನುಗ್ಗಿ ಗೆಡ್ಡೆಯೆಲ್ಲ ಕೊಳೆತ ಮೇಲೆ ನಾವು ಎಂಟು ಮನೆಯವರು ಬೂಗನ್‌ವಿಲ್‌ನ ದೊಡ್ಡ ದ್ವೀಪಕ್ಕೆ ಬಂದೆವು. ಇಗರ್ಜಿಯವರು ಕೊಟ್ಟ ಜಾಗ. ಮುಂದೆ ಕೋಕೋ ಗಿಡ, ಹಿಂದೆ ಜೌಗು, ಸೊಳ್ಳೆಯೋ ಸೊಳ್ಳೆ. ಹೋದ ತಿಂಗಳು ನನ್ನ ಮೊಮ್ಮಗ, ಎಂಟು ತಿಂಗಳ ಲಿಯೋಗೆ ಜ್ವರ ಬಂತು. ಅಪೊಲೋನಿಯಾ ಮುಳುಗಿಸಿದಳು. ಮರುದಿನ ಮಗು ನಕ್ಕಿತು. ಮೂರನೆಯ ದಿನ ಮತ್ತೆ ಮೈ ಸುಟ್ಟಿತು, ಐದನೆಯ ದಿನ ಹೋಗಿಬಿಟ್ಟ. ದೇವರು ಕರೆಸಿಕೊಂಡ ಎಂದರು ಎಲ್ಲರೂ. ನಾನೂ ಹಾಗೇ ಅಂದೆ.

ಈಗ ಜ್ವರ ಬಂದದ್ದು ಅಪೊಲೋನಿಯಾಳ ಮೊಮ್ಮಗಳು, ಆರು ವರ್ಷದ ಟೆಕ್ಲಾಗೆ. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ. ಆ ಮನೆಗೆ ಉಳಿದಿರುವ ಹೆಣ್ಣುಕುಡಿ ಇವಳೊಬ್ಬಳೇ. ಸೋಮವಾರ ಮುಳುಗಿಸಿದಳು, ಮಂಗಳವಾರ ಹುಡುಗಿ ಅಂಗಳದಲ್ಲಿ ಕುಣಿದಳು. ಬುಧವಾರ ಬೆಳಿಗ್ಗೆ, ಹಲ್ಲು ಕಟಕಟಿಸುತ್ತಿದ್ದ ಮಗುವನ್ನು ಹೊತ್ತು ಅಜ್ಜಿ ಮತ್ತೆ ಕಡಲಿಗೆ ಹೊರಟದ್ದು ಕಂಡೆ. ಲಿಯೋಗೂ ಹೀಗೇ ಆಗಿತ್ತು. ಓಡಿಹೋಗಿ ಅಡ್ಡ ನಿಂತೆ.

“ದಾರಿ ಬಿಡೇ ಅಗಾಥಾ.”

“ಬೇಡ ಅಕ್ಕಾ. ದವಾಖಾನೆಗೆ ಹೋಗಣ.”

“ನಿನ್ನೆ ಮೊನ್ನೆ ಮೀಸೆ ಬಂದ ಆ ನರ್ಸ್ ಕ್ಲೆಮೆಂಟ್ ನಂಗೆ ಜ್ವರದ ಪಾಠ ಹೇಳ್ತಾನಾ? ಅವ್ನು ಹುಟ್ಟೋ ಮೊದ್ಲೇ ಅರ್ಧ ದ್ವೀಪಾನ ಬದುಕಿಸಿದೀನಿ ನಾನು!”

“ಅದು ಬೇರೆ ಜಾಗ, ಇದು ಬೇರೆ.”

“ಕಡಲು ಒಂದೇ ಕಣೇ!”

ಲಿಯೋನ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟರಲ್ಲಿ ಟೆಕ್ಲಾಳ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಅದುರತೊಡಗಿದವು. ಅಪೊಲೋನಿಯಾ ಕಡಲನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

“ನಡಿ,” ಎಂದಳು.

ಒಂದು ಗಂಟೆಯ ಹಾದಿ. ಸರದಿಯ ಮೇಲೆ ಹೊತ್ತೆವು. ಹಳ್ಳ ದಾಟುವಾಗ ಮಗು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಅದರ ಮೂಗಿಗೆ ಕೆನ್ನೆ ಹಿಡಿಯುತ್ತಿದ್ದೆ. ಉಸಿರು ತಾಗಿದರೆ ಮತ್ತೆ ಹತ್ತು ಹೆಜ್ಜೆ.

ನರ್ಸ್ ಕ್ಲೆಮೆಂಟ್ ಬೆರಳು ಚುಚ್ಚಿ ರಕ್ತ ನೋಡಿದ, ಸೊಳ್ಳೆಯಿಂದ ಬಂದ ಚಳಿಜ್ವರ ಎಂದ, ಸೂಜಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಟೆಕ್ಲಾ ಕಣ್ಣು ಬಿಟ್ಟು ಎಳನೀರು ಕೇಳಿದಳು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಅಪೊಲೋನಿಯಾ ಅಳಲಿಲ್ಲ.

“ನಾನು ಮುಳುಗಿಸಿದ್ಮೇಲೆ ನಿನ್ನೆ ಚೆನ್ನಾಗೇ ಇದ್ಳಲ್ಲಪ್ಪ?” ಎಂದು ಕ್ಲೆಮೆಂಟ್‌ನನ್ನು ಕೇಳಿದಳು.

“ಇದು ದಿನ ಬಿಟ್ಟು ದಿನ ಬರೋ ಜ್ವರ ಅಜ್ಜಿ. ಮುಳುಗಿಸಿದ್ರೂ ಒಂದಿನ ಬಿಡುತ್ತೆ, ಮುಳುಗಿಸದೇ ಇದ್ರೂ ಬಿಡುತ್ತೆ,” ಎಂದು ಅವನು ನಕ್ಕ. ಪಾಪ, ಅವನಿಗೇನು ಗೊತ್ತು.

ಅಪೊಲೋನಿಯಾ ಎರಡೂ ಕೈಗಳನ್ನು ಮಡಿಲ ಬಟ್ಟೆಯೊಳಗೆ ಮುಚ್ಚಿಕೊಂಡಳು.

“ಹಂಗಾದ್ರೆ ಲಿಯೋ?”

“ಯಾರು ಲಿಯೋ?” ಎಂದ ಕ್ಲೆಮೆಂಟ್.

ಅವಳು ಕೇಳಿದ್ದು ಅವನನ್ನಲ್ಲ. ಕಿರುಚಬೇಕು ಅನ್ನಿಸಿತು, ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಎದ್ದು ಹೋಗಿ ಅವಳ ಪಕ್ಕ ಕೂತೆ.

“ನಾನೇ ಅಲ್ವಾ ಅಕ್ಕಾ,” ಎಂದೆ, “ಅವನನ್ನ ತಂದು ನಿನ್ನ ಕೈಗೆ ಕೊಟ್ಟಿದ್ದು.”